ಊಟಿ ರೈಲು ನೋಡಬೇಕೆಂದರೆ ಕೂನೂರಿನಲ್ಲಿ ಇಳಿಯಿರಿ

ಊಟಿಗೆ ಹೋಗಿಬಂದ ನಮ್ಮ ಕಡೆಯವರನ್ನು ಪುಟಾಣಿ ರೈಲು ಹತ್ತಿದಿರಾ ಎಂದು ಕೇಳಿ ನೋಡಿ. ಹತ್ತಿದ್ದೇವೆ ಎನ್ನುವವರೇ ಹೆಚ್ಚು. ಎಲ್ಲಿಂದ ಎಲ್ಲಿಗೆ ಎಂದರೆ, ಊಟಿಯಿಂದ ಕೂನೂರಿಗೆ. ಕಾರಿನ ಡ್ರೈವರ್ ಅಲ್ಲಿಗೆ ಬಂದು ಕಾದಿದ್ದ, ಹತ್ತಿಸಿಕೊಂಡು ಹೋದ, ಅಷ್ಟೆ. ಆ ಹತ್ತೊಂಬತ್ತು ಕಿಲೋಮೀಟರ್ ಚೆಂದವೇ, ಬೇಡವೆನ್ನಲಾರೆ. ಆದರೆ ಆ ದಾರಿಯಲ್ಲಿ ಬಂಡಿ ಎಳೆಯುವುದು ಡೀಸೆಲ್ ಎಂಜಿನ್, ಹಳಿಯೂ ಮಾಮೂಲಿ ಹಳಿ. ನೀಲಗಿರಿ ರೈಲಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟ ಹಲ್ಲಿನ ಹಳಿ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಳಿ) ಮತ್ತು ಹಬೆ ಎಂಜಿನ್ ಎರಡೂ ಕೂನೂರಿನಿಂದ ಕೆಳಗಿವೆ, ಬೆಟ್ಟದ ಬುಡದ ಮೆಟ್ಟುಪಾಳ್ಯಂ ಕಡೆಗೆ. ಆದ್ದರಿಂದ ಇಲ್ಲಿ ಹೇಳುವ ಪ್ರವಾಸದ ನಡುಗಂಬ ಊಟಿಯಲ್ಲ, ಕೂನೂರು ಎಂಬ ಸಣ್ಣ ಪೇಟೆಯ ರೈಲು ನಿಲ್ದಾಣ.

ಹೊರಡುವ ಮುನ್ನ ತಿಳಿದಿರಬೇಕಾದಷ್ಟು ಚರಿತ್ರೆ

ನೀಲಗಿರಿಗೆ ರೈಲು ಹಾಕಬೇಕೆಂಬ ಮಾತು 1854ರಲ್ಲೇ ಎದ್ದಿತ್ತು. ಬೆಟ್ಟದ ಕಡಿದಾದ ಏರಿಗೆ ಸಾಮಾನ್ಯ ರೈಲು ಒಗ್ಗುವಂತಿರಲಿಲ್ಲ. ಚಕ್ರವೂ ಕಬ್ಬಿಣ, ಹಳಿಯೂ ಕಬ್ಬಿಣ. ಏರು ಒಂದು ಮಿತಿ ದಾಟಿದರೆ ಚಕ್ರ ತಿರುಗುತ್ತಿದ್ದರೂ ಬಂಡಿ ಜಾರುತ್ತದೆ. 1882ರಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ರಿಗೆನ್‌ಬಾಖ್ ಎಂಬ ಎಂಜಿನಿಯರ್ ಇಲ್ಲಿಗೆ ಬಂದು ನೋಡಿಹೋದ. ಹಲ್ಲಿನ ಹಳಿಯ ರೈಲಿನಲ್ಲಿ ಪಳಗಿದ ಕೈ ಆತನದು. 1891ರ ಆಗಸ್ಟಿನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಗುದ್ದಲಿಪೂಜೆ ಮಾಡಿದ. ಮೂರು ವರ್ಷ ಕಳೆಯುವಷ್ಟರಲ್ಲಿ ಹಳಿ ಹಾಕುತ್ತಿದ್ದ ಕಂಪನಿ ದಿವಾಳಿಯಾಯಿತು. ಹೊಸ ಕಂಪನಿ ಕಟ್ಟಿ ಕೆಲಸ ಮುಂದುವರಿಸಿ, 1899ರ ಜೂನ್ 15ರಂದು ಮೆಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಬಿಟ್ಟರು.

ಊಟಿಗೆ ಹಳಿ ಮುಟ್ಟಿದ್ದು 1908ರ ಅಕ್ಟೋಬರಿನಲ್ಲಿ. ಅಂದರೆ ಒಂಬತ್ತು ವರ್ಷಕ್ಕೂ ಮಿಕ್ಕಿ ಈ ರೈಲಿನ ಕೊನೆಯ ನಿಲ್ದಾಣ ಕೂನೂರೇ ಆಗಿತ್ತು. ನಿಲ್ದಾಣದ ಈಗಿನ ರೂಪದಲ್ಲೂ ಅದರ ಗುರುತಿದೆ. ಕೆಳಗಿನಿಂದ ಬಂದ ಬಂಡಿ ಇಲ್ಲಿಂದ ನೇರ ಮುಂದಕ್ಕೆ ಹೋಗುವುದಿಲ್ಲ. ಸ್ವಲ್ಪ ದೂರ ಹಿಂದಕ್ಕೆ ಸರಿದು, ಆಮೇಲೆ ಊಟಿಯ ಹಳಿ ಹಿಡಿಯುತ್ತದೆ. ಹೊಸಬರು ‘ವಾಪಸ್ ಹೊರಟಿತಲ್ಲ’ ಎಂದು ಗಾಬರಿಯಾಗುವುದುಂಟು.

2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡಾರ್ಜಿಲಿಂಗ್ ರೈಲು ಅದಕ್ಕೂ ಮೊದಲೇ, 1999ರಲ್ಲಿ, ಆ ಪಟ್ಟಿಯಲ್ಲಿತ್ತು. ಕಾಲ್ಕಾ–ಶಿಮ್ಲಾ 2008ರಲ್ಲಿ ಬಂತು. ಈ ಮೂರರಲ್ಲಿ ಹಲ್ಲಿನ ಹಳಿ ಇರುವುದು ನೀಲಗಿರಿಯದಕ್ಕೆ ಮಾತ್ರ.

ಮೊದಲ ಕೆಲಸ: ತಿಂಗಳು ನೋಡಿ

ಕರ್ನಾಟಕದವರಾದ ನಮಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಕೂನೂರಿನ ಲೆಕ್ಕ ಬೇರೆ. ಅದು ನೀಲಗಿರಿಯ ಪೂರ್ವದ ಇಳಿಜಾರಿನಲ್ಲಿದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ ಅಲ್ಲಿ ಜೋರು. ಹಳಿಯ ಮೇಲೆ ಗುಡ್ಡ ಕುಸಿದು, ಮರ ಉರುಳಿ ಬಿದ್ದು ರೈಲು ರದ್ದಾಗುವುದು ಹೆಚ್ಚಾಗಿ ಆ ದಿನಗಳಲ್ಲೇ. ದಸರಾ ರಜೆ, ದೀಪಾವಳಿ ರಜೆಗೆಂದು ಟಿಕೆಟ್ ಮಾಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಹಿತ, ಜನ ವಿಪರೀತ. ಮೇ ತಿಂಗಳ ಫಲಪುಷ್ಪ ಪ್ರದರ್ಶನದ ಸಮಯದಲ್ಲಂತೂ ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ನನ್ನನ್ನು ಕೇಳಿದರೆ ಜನವರಿ ನಡುವಿನಿಂದ ಮಾರ್ಚ್‌ವರೆಗೆ, ಅದೂ ವಾರದ ನಡುವಿನ ದಿನ. ಕಣಿವೆಯ ಮೇಲೆ ಮಂಜು ಕವಿದಿರುವ ಸಾಧ್ಯತೆ ಆಗ ಕಡಿಮೆ.

ಟಿಕೆಟ್

ಮೆಟ್ಟುಪಾಳ್ಯಂನಿಂದ ಮೇಲಕ್ಕೆ ಹೋಗುವ ಮಾಮೂಲಿ ರೈಲು ದಿನಕ್ಕೆ ಒಂದೇ. ಬೆಳಗ್ಗೆ 7.10ಕ್ಕೆ ಹೊರಟು, ಹತ್ತೂವರೆಯ ಸುಮಾರಿಗೆ ಕೂನೂರು, ಮಧ್ಯಾಹ್ನದ ಹೊತ್ತಿಗೆ ಊಟಿ. ಅದೇ ಬಂಡಿ ಮಧ್ಯಾಹ್ನ 2ಕ್ಕೆ ಊಟಿ ಬಿಟ್ಟು ಸಂಜೆ ಐದೂವರೆ ಹೊತ್ತಿಗೆ ಮೆಟ್ಟುಪಾಳ್ಯಂ ಸೇರುತ್ತದೆ. ಬೇಸಿಗೆಯಲ್ಲಿ, ರಜೆಗಳಲ್ಲಿ ಒಂದೆರಡು ವಿಶೇಷ ರೈಲು ಸೇರಿಸುತ್ತಾರೆ. ವೇಳೆ ಆಗಾಗ ಅಷ್ಟಿಷ್ಟು ಬದಲಾಗುವುದರಿಂದ ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಡಬ್ಬಿಗಳು ಕೆಲವೇ, ಸೀಟು ಅದಕ್ಕೂ ಕಡಿಮೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್‌ವರೆಗೆ 120 ದಿನ ಇತ್ತು, ಹಳೆಯ ಲೇಖನ ಓದಿ ಕಾಯುತ್ತ ಕೂರಬೇಡಿ). ಶನಿವಾರ, ಭಾನುವಾರದ ಸೀಟು ಬೇಕಿದ್ದರೆ ಬುಕಿಂಗ್ ತೆರೆದ ದಿನವೇ ಐಆರ್‌ಸಿಟಿಸಿಯಲ್ಲಿ ಹಿಡಿಯಿರಿ. ಹುಡುಕುವಾಗ ಮೆಟ್ಟುಪಾಳ್ಯಂಗೆ ಎಂಟಿಪಿ, ಕೂನೂರಿಗೆ ಓಎನ್‌ಆರ್, ಊಟಿಗೆ ಯುಎಎಂ ಎಂಬ ಸಂಕೇತ. ಊಟಿಯ ಅಧಿಕೃತ ಹೆಸರು ಉದಗಮಂಡಲಂ. ಊಟಿ ಎಂದು ಹುಡುಕಿ ಸಿಗಲಿಲ್ಲವೆಂದು ಕೈಬಿಟ್ಟವರಿದ್ದಾರೆ. ಊಟಿವರೆಗಿನ ಸೀಟು ಮುಗಿದಿದ್ದರೆ ಕೂನೂರಿನವರೆಗೆ ಎಂದು ಬೇರೆಯಾಗಿ ನೋಡಿ. ನಮಗೆ ಬೇಕಾಗಿರುವುದೂ ಅಷ್ಟೇ.

ಮೊದಲ ದರ್ಜೆಯೋ ಎರಡನೆಯದೋ? ಮೊದಲ ದರ್ಜೆಯಲ್ಲಿ ಸೀಟು ಮೆತ್ತಗಿರುತ್ತದೆ, ಜನ ಕಡಿಮೆ, ಅಷ್ಟೇ ವ್ಯತ್ಯಾಸ. ವಯಸ್ಸಾದವರಿದ್ದರೆ ಮೊದಲ ದರ್ಜೆ ಮಾಡಿ. ಮಕ್ಕಳ ಜತೆ, ಕಿಟಕಿಯಿಂದ ಕಿಟಕಿಗೆ ಓಡಾಡುವ ಮನಸ್ಸಿದ್ದರೆ ಎರಡನೆಯದೇ ಲೇಸು. ಬಲಗಡೆ ಕೂರಬೇಕೋ ಎಡಗಡೆಯೋ ಎಂಬ ಚರ್ಚೆಗೆ ತಲೆಕೊಡಬೇಡಿ; ಇಡೀ ಹಾದಿಯಲ್ಲಿ 208 ತಿರುವುಗಳಿವೆ. ಸಿಕ್ಕರೆ ಮೇಲ್ತುದಿಯ ಡಬ್ಬಿಯಲ್ಲಿ ಕೂರಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೆಟ್ಟುಪಾಳ್ಯಂ ತಲುಪುವುದು

ಬೆಳಗ್ಗೆ ಏಳಕ್ಕೆ ರೈಲು ಎಂದಮೇಲೆ ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲಿ ಉಳಿಯುವುದೇ ಸರಿ. ಬೆಂಗಳೂರಿನವರು ಮಧ್ಯಾಹ್ನದ ವಂದೇ ಭಾರತ್ ಅಥವಾ ಉದಯ್ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಹೊತ್ತಿಗೆ ಕೊಯಮತ್ತೂರು. ಅಲ್ಲಿಂದ ಮೆಟ್ಟುಪಾಳ್ಯಂ ಮೂವತ್ತೈದು ಕಿಲೋಮೀಟರ್ ಚಿಲ್ಲರೆ. ಬಸ್ಸುಗಳಿಗೆ ಕೊರತೆಯಿಲ್ಲ, ಹಗಲಲ್ಲಿ ಪ್ಯಾಸೆಂಜರ್ ರೈಲುಗಳೂ ಇವೆ. ಚೆನ್ನೈ ಕನ್ನಡಿಗರಿಗೆ ಎಲ್ಲಕ್ಕಿಂತ ಸುಲಭ: ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಆರರ ಸುಮಾರಿಗೆ ಅದೇ ನಿಲ್ದಾಣದಲ್ಲಿ ಇಳಿದು, ಪಕ್ಕದ ಪ್ಲಾಟ್‌ಫಾರಂಗೆ ನಡೆದರೆ ಸಾಕು.

ಮೈಸೂರು ಕಡೆಯವರದು ಬೇರೆ ಕಥೆ. ನಾವು ಮೇಲಿನಿಂದ ಬರುವವರು. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ಎರಡು ದಾರಿ. ಗೂಡಲೂರಿನ ಮೇಲೆ ಹೋಗುವುದು ಸುತ್ತು, ಆದರೆ ಸಲೀಸು. ಮಸಿನಗುಡಿ, ಕಲ್ಲಟ್ಟಿ ಮೇಲೆ ಹೋಗುವುದು ಹತ್ತಿರ, ಆದರೆ 36 ಹೇರ್‌ಪಿನ್ ತಿರುವು. ಘಟ್ಟದಲ್ಲಿ ಓಡಿಸಿ ರೂಢಿಯಿಲ್ಲದವರಿಗೆ ಗೂಡಲೂರೇ ಗತಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಎಂಬುದು ಗೊತ್ತಿರುವ ವಿಷಯವೇ ಆದರೂ ವಾಪಸ್ ಬರುವ ದಿನ ಮರೆಯುವವರು ಬಹಳ.

ಸ್ವಂತ ಕಾರಿನಲ್ಲಿ ಹೋಗುವವರಿಗೆ ಇ-ಪಾಸ್ ಬೇಕೇ ಬೇಕು. ಮದರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ ಇದು ಕಡ್ಡಾಯ. 2025ರ ಬೇಸಿಗೆಗೆ ದಿನಕ್ಕೆ ಇಷ್ಟೇ ವಾಹನ ಎಂದು ಮಿತಿಯನ್ನೂ ಹಾಕಿದರು: ಸಾಮಾನ್ಯ ದಿನ 6,000, ವಾರಾಂತ್ಯ 8,000. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಮೊದಲೇ ಪಾಸ್ ಮಾಡಿಕೊಂಡು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ರೈಲಿನಲ್ಲಿ, ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಇದರ ತಲೆನೋವಿಲ್ಲ.

ಕಾರು ಇದ್ದವರಿಗೆ ಒಂದು ಉಪಾಯ. ಕಾರನ್ನು ಮೆಟ್ಟುಪಾಳ್ಯಂಗೆ ಇಳಿಸಬೇಡಿ. ಕೂನೂರಿನಲ್ಲಿ ರೂಮು ಮಾಡಿ, ಅಲ್ಲೇ ನಿಲ್ಲಿಸಿ. ಸಂಜೆ ಕೂನೂರಿನಿಂದ ಬಸ್ಸಿನಲ್ಲಿ ಘಟ್ಟ ಇಳಿದು ಮೆಟ್ಟುಪಾಳ್ಯಂನಲ್ಲಿ ರಾತ್ರಿ ಕಳೆದು, ಬೆಳಗ್ಗೆ ರೈಲಿನಲ್ಲಿ ಮೇಲೆ ಬನ್ನಿ. ಎರಡು ರೂಮಿನ ಖರ್ಚು ಯಾಕೆ ಎನ್ನುವವರು ಇದನ್ನು ತಿರುಗಿಸಿಯೂ ಮಾಡಬಹುದು: ಮಧ್ಯಾಹ್ನ ಕೂನೂರಿನಲ್ಲಿ ಘಟ್ಟ ಇಳಿಯುವ ರೈಲು ಹತ್ತಿ ಕೆಳಗೆ ಹೋಗಿ, ಸಂಜೆಯ ಬಸ್ಸಿಗೆ ಮೇಲೆ ಬರುವುದು. ಹಲ್ಲಿನ ಹಳಿ ಅದೇ, ಕಾಡು ಅದೇ. ಆದರೆ ಇಳಿಯುವಾಗ ಎಂಜಿನ್‌ಗೆ ಬಂಡಿಯನ್ನು ತಡೆಯುವುದಷ್ಟೇ ಕೆಲಸ. ಅದು ಉಸಿರು ಕಟ್ಟಿ ದುಡಿಯುವುದನ್ನು ಕೇಳಬೇಕಾದರೆ ಏರುವ ರೈಲಿಗೇ ಹೋಗಬೇಕು.

ಚೀಲದಲ್ಲಿ ಏನಿರಬೇಕು

ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ತಪಾಸಣೆಯೂ ಇದೆ. ಸ್ಟೀಲ್ ಬಾಟಲಿ ಒಯ್ಯಿರಿ. ಮೆಟ್ಟುಪಾಳ್ಯಂ ಇರುವುದು ಸುಮಾರು 326 ಮೀಟರ್ ಎತ್ತರದಲ್ಲಿ, ಕೂನೂರು 1,700 ಮೀಟರ್ ದಾಟಿ; ಅಂಗಿಯಲ್ಲಿ ಬೆವರುತ್ತ ಹತ್ತಿದವರು ಸ್ವೆಟರ್ ಹಾಕಿಕೊಂಡು ಇಳಿಯುತ್ತಾರೆ. ಡಬ್ಬಿಗಳಲ್ಲಿ ಶೌಚಾಲಯವಿಲ್ಲ, ಹಾಗಾಗಿ ಹೊರಡುವ ಮೊದಲೇ ಮುಗಿಸಿಕೊಳ್ಳಿ. ದಾರಿಯ ನಿಲ್ದಾಣಗಳಲ್ಲಿ ನಿಂತಾಗ ಹೋಗಬಹುದು. ಬುತ್ತಿ ಕಟ್ಟಿಕೊಂಡಿದ್ದರೆ ಚೀಲದ ಒಳಗೇ ಇರಲಿ. ದಾರಿಯ ಕೋತಿಗಳಿಗೆ ರೈಲಿನ ವೇಳಾಪಟ್ಟಿ ಚೆನ್ನಾಗಿ ಗೊತ್ತು.

ಬೆಳಗ್ಗೆ ಮೆಟ್ಟುಪಾಳ್ಯಂನಲ್ಲಿ

ಆರೂಕಾಲಿಗೆಲ್ಲ ನಿಲ್ದಾಣದಲ್ಲಿರಿ. ಬ್ರಾಡ್‌ಗೇಜ್ ಇಲ್ಲಿಗೆ ಮುಗಿದು ಒಂದು ಮೀಟರ್ ಅಗಲದ ಹಳಿ ಶುರುವಾಗುತ್ತದೆ. ರೈಲು ಬಂದು ನಿಂತಮೇಲೆ ಎಂಜಿನ್ ಎಲ್ಲಿದೆ ನೋಡಿ: ಹಿಂದುಗಡೆ. ಘಟ್ಟದುದ್ದಕ್ಕೂ ಅದು ಬಂಡಿಯನ್ನು ತಳ್ಳುತ್ತದೆ, ಎಳೆಯುವುದಿಲ್ಲ. ಡಬ್ಬಿಗಳ ನಡುವಿನ ಕೊಂಡಿ ಕಳಚಿದರೂ ಯಾವ ಡಬ್ಬಿಯೂ ಕೆಳಗೆ ಓಡದಂತೆ ಎಂಜಿನ್ ಇಳಿಜಾರಿನ ತುದಿಯಲ್ಲಿ ಅಡ್ಡ ನಿಂತಿರುತ್ತದೆ. ಇದರಿಂದ ಪ್ರಯಾಣಿಕರಿಗಾದ ಲಾಭವೆಂದರೆ, ಮೇಲ್ತುದಿಯ ಡಬ್ಬಿಯ ಮುಂದೆ ಹೊಗೆಯೂ ಇಲ್ಲ, ಎಂಜಿನ್ನೂ ಇಲ್ಲ. ಬರೀ ಹಳಿ, ಸುರಂಗ, ಆಕಾಶ.

ಪ್ರತಿ ಡಬ್ಬಿಯ ಮುಂಭಾಗದ ಕಟ್ಟೆಯಲ್ಲಿ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಮುಂದಿನವನು ಬಾವುಟ ತೋರಿಸಿದರೆ ಅದನ್ನು ನೋಡಿ ಹಿಂದಿನವನು, ಅವನನ್ನು ನೋಡಿ ಅವನ ಹಿಂದಿನವನು, ಹೀಗೆ ಕೊನೆಗೆ ಡ್ರೈವರ್‌ಗೆ ಸುದ್ದಿ ಮುಟ್ಟುತ್ತದೆ. ವಾಕಿಟಾಕಿಯ ಕಾಲದಲ್ಲೂ ಈ ಪದ್ಧತಿ ಉಳಿದಿದೆ. ಫೋಟೊ ತೆಗೆಯುವ ಭರದಲ್ಲಿ ಅವರ ಕೈ ಅಡ್ಡಗಟ್ಟಬೇಡಿ.

ನಿಲ್ದಾಣದಲ್ಲೇ ಈ ರೈಲಿನ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ನೋಡುವ ಆಸೆ ಬಿಡಿ. ಹಿಂದಿನ ದಿನ ಬೇಗ ಬಂದರೆ ನೋಡಿ.

ದಾರಿ

ಹೊರಟ ಸ್ವಲ್ಪ ಹೊತ್ತಿಗೆ ಭವಾನಿ ನದಿ. ಆಮೇಲೆ ಕಲ್ಲಾರಿನವರೆಗೆ, ಎಂಟು ಕಿಲೋಮೀಟರ್, ಹಳಿಯ ಎರಡೂ ಕಡೆ ಅಡಿಕೆ ತೋಟ. ಶಿರಸಿ, ಸಾಗರದವರು ಕಿಟಕಿಯಿಂದಲೇ ಫಸಲು ಅಂದಾಜು ಮಾಡುತ್ತ ಕೂರಬಹುದು. ಇಲ್ಲಿ ಬಂಡಿ ಗಂಟೆಗೆ 30 ಕಿಲೋಮೀಟರ್‌ವರೆಗೆ ಓಡುತ್ತದೆ.

ಕಲ್ಲಾರು ದಾಟಿದ ಕೂಡಲೇ ರೈಲು ನಿಂತೇಹೋಯಿತೇನೋ ಎನ್ನುವಷ್ಟು ನಿಧಾನವಾಗುತ್ತದೆ. ಕತ್ತು ಹೊರಹಾಕದೆ, ತಿರುವಿನಲ್ಲಿ ಮುಂದಿನ ಹಳಿಯನ್ನು ನೋಡಿ. ಎರಡು ಹಳಿಗಳ ನಡುವೆ ಇನ್ನೆರಡು ಕಬ್ಬಿಣದ ಪಟ್ಟಿಗಳು ಗರಗಸವನ್ನು ಮಲಗಿಸಿಟ್ಟಂತೆ ಶುರುವಾಗುತ್ತವೆ. ಇದೇ ಆಪ್ಟ್ ಪದ್ಧತಿಯ ಹಲ್ಲಿನ ಹಳಿ. ಒಂದು ಪಟ್ಟಿಯ ಹಲ್ಲು ಇರುವ ಕಡೆ ಪಕ್ಕದ ಪಟ್ಟಿಯ ಸಂದು ಬರುವಂತೆ ಜೋಡಿಸಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಒಂದನ್ನು ಬಿಡುವಷ್ಟರಲ್ಲಿ ಇನ್ನೊಂದನ್ನು ಕಚ್ಚಿರುತ್ತದೆ. ಹಿಡಿತ ತಪ್ಪುವ ಕ್ಷಣವೇ ಇಲ್ಲ. ಸುಮಾರು 12 ಅಡಿ ಮುಂದೆ ಸಾಗಿದರೆ ಒಂದಡಿ ಮೇಲೇರುವ ಈ ಜಾಗ ಭಾರತದಲ್ಲೇ ಅತಿ ಕಡಿದಾದ ರೈಲು ಹಾದಿ. ವೇಗ ಗಂಟೆಗೆ 13 ಕಿಲೋಮೀಟರ್ ಮೀರುವುದಿಲ್ಲ.

ನಡುವೆ ಅಡರ್ಲಿ, ಹಿಲ್‌ಗ್ರೋವ್, ರನ್ನಿಮೀಡ್ ಎಂಬ ನಿಲ್ದಾಣಗಳು. ಊರಿಗಾಗಿ ಕಟ್ಟಿದವಲ್ಲ ಇವು, ಎಂಜಿನ್‌ಗೆ ನೀರು ಕುಡಿಸಲು ಕಟ್ಟಿದವು. ಸುತ್ತ ಕಾಡು ಬಿಟ್ಟರೆ ಏನಿಲ್ಲ. ನೀರು ತುಂಬುವಾಗ ಎಲ್ಲರೂ ಇಳಿಯುತ್ತಾರೆ. ಹಿಲ್‌ಗ್ರೋವ್‌ನಲ್ಲಿ ಟೀ, ತಿಂಡಿ ಸಿಗುತ್ತದೆ. ಇಳಿದವರು ಎಂಜಿನ್ ಹತ್ತಿರಕ್ಕೆ ಹೋಗಿ ಪಕ್ಕದಿಂದ ನೋಡಿ: ಒಂದರ ಮೇಲೊಂದು ಎರಡು ಸಿಲಿಂಡರ್. ಒಂದು ಜೋಡಿ ಮಾಮೂಲಿ ಚಕ್ರ ತಿರುಗಿಸಿದರೆ ಇನ್ನೊಂದು ಜೋಡಿ ಹಲ್ಲುಚಕ್ರ ತಿರುಗಿಸುತ್ತದೆ. ಮೊದಲ ಜೋಡಿಯಲ್ಲಿ ದುಡಿದು ಹೊರಬಂದ ಹಬೆಯನ್ನೇ ಎರಡನೆಯದಕ್ಕೆ ಕಳಿಸಿ ಮತ್ತೊಮ್ಮೆ ದುಡಿಸುತ್ತಾರೆ. ಸಪಾಟು ಜಾಗದಲ್ಲಿ ಎರಡನೆಯದಕ್ಕೆ ಕೆಲಸವಿಲ್ಲ. ಕಲ್ಲಾರಿಗಿಂತ ಮೊದಲು ಕೇಳಿದ ಸದ್ದಿಗೂ ಆಮೇಲಿನ ಸದ್ದಿಗೂ ಇರುವ ಅಂತರ ಇದೇ. ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂರುವವರ ಬಗ್ಗೆ ನನಗೆ ಕನಿಕರವಿದೆ.

ಸೀಟಿ ಹೊಡೆದ ಕೂಡಲೇ ಹತ್ತಿ. ಹಳಿಯ ಮೇಲೆ ನಡೆದು ಹೋಗಿ ಸೇತುವೆಯ ಮೇಲೆ ನಿಂತು ಸೆಲ್ಫಿ ತೆಗೆಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ. ಕಲ್ಲಾರಿನ ಆಚೀಚೆ ಆನೆಗಳು ಓಡಾಡುವ ಕಾಡು ಅದು.

ಕೂನೂರು ನಿಲ್ದಾಣ

ಇಲ್ಲಿ ಇಳಿದುಬಿಡಿ. ಊಟಿಯವರೆಗೆ ಟಿಕೆಟ್ ಇದ್ದವರೂ ಇಳಿದು ನೋಡಬಹುದು, ಬಂಡಿ ಇಲ್ಲಿ ಕೊಂಚ ಹೊತ್ತು ನಿಲ್ಲುತ್ತದೆ. ಪ್ಲಾಟ್‌ಫಾರಂನ ತುದಿಯಿಂದ ನೋಡಲು ಅಷ್ಟು ಸಮಯವಾದರೂ ಸಿಗುತ್ತದೆ. ಹಲ್ಲಿನ ಹಳಿ ನಿಲ್ದಾಣದ ಬಳಿ ಮುಗಿಯುತ್ತದೆ. ಹಬೆ ಎಂಜಿನ್ ಕಳಚಿಕೊಂಡು ಪಕ್ಕದ ಶೆಡ್ಡಿಗೆ ಹೋಗುತ್ತದೆ, ಡೀಸೆಲ್ ಎಂಜಿನ್ ಬಂದು ಸೇರಿಕೊಳ್ಳುತ್ತದೆ. ಇಲ್ಲಿಂದ ಊಟಿಗೆ ಏರು ಅರ್ಧಕ್ಕೆ ಇಳಿಯುವುದರಿಂದ ಹಲ್ಲಿನ ಅಗತ್ಯ ಬೀಳುವುದಿಲ್ಲ.

ಎಂಜಿನ್ ಶೆಡ್ ಈ ಊರಿನ ನಿಜವಾದ ಸ್ಮಾರಕ ಎಂದು ನನ್ನ ಎಣಿಕೆ. ಇಲ್ಲಿನ ಎಕ್ಸ್ ವರ್ಗದ ಎಂಜಿನ್‌ಗಳ ಹಳೆಯ ತಂಡ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಿಂದ ಬಂದದ್ದು. 1914ರಿಂದ 1925ರ ನಡುವೆ ಕೆಲವು, ಕೊನೆಯವು 1952ರಲ್ಲಿ. ಅವು ಸವೆದಂತೆಲ್ಲ ಬಿಡಿಭಾಗಕ್ಕೆ ಎಲ್ಲಿ ಹೋಗುವುದು? ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯವರು ಭಾಗಗಳನ್ನಷ್ಟೇ ಅಲ್ಲ, ಇಡೀ ಎಂಜಿನ್ನನ್ನೇ ಹೊಸದಾಗಿ ಕಟ್ಟಿದರು. ನೀವು ಕಂಡ ಎಂಜಿನ್ ಹಳೆಯದೆಂದು ಖಾತ್ರಿಯಾಗಿ ಹೇಳುವಂತಿಲ್ಲ. ಎಣ್ಣೆ ಉರಿಸುವ ಹೊಸ ಪೀಳಿಗೆಯದೂ ಇರಬಹುದು. ಅದರ ಮೈಮೇಲೆ ತಯಾರಕರ ಫಲಕವಿದ್ದರೆ ಓದಿಕೊಳ್ಳಿ.

ಶೆಡ್ಡಿನೊಳಕ್ಕೆ ಅನುಮತಿಯಿಲ್ಲದೆ ಕಾಲಿಡಬೇಡಿ. ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ, ಅವರಿಗೆ ಬಿಡುವಿದ್ದಾಗ, ಮರ್ಯಾದೆಯಿಂದ ಕೇಳಿ. ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಇಲ್ಲ. ಆಗದಿದ್ದರೂ ಬೇಲಿಯಾಚೆ ನಿಂತರೆ ಸಾಕಷ್ಟು ಕಾಣುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಊಟಿಯಿಂದ ಇಳಿದುಬರುವ ಬಂಡಿಗೆ ಹಬೆ ಎಂಜಿನ್ ಜೋಡಿಸುತ್ತಾರೆ. ಅದಕ್ಕೆ ಅರ್ಧ ಗಂಟೆ ಮುಂಚೆ ಬಂದರೆ ಶೆಡ್ಡಿನಿಂದ ಅದು ಹೊರಬರುವುದನ್ನು ನೋಡಬಹುದು.

ನಿಲ್ದಾಣ ಇರುವುದು ಕೆಳಕೂನೂರಿನಲ್ಲಿ, ಬಸ್ ನಿಲ್ದಾಣದ ಹತ್ತಿರ. ಊಟಕ್ಕೆ, ಪೇಟೆ ಸುತ್ತುವುದಕ್ಕೆ ನಡೆದೇ ಹೋಗಬಹುದು. ಬೇಕರಿಯಲ್ಲಿ ವರ್ಕಿ ಕೇಳಿ: ಪದರ ಪದರವಾದ ಗರಿಗರಿ ತಿಂಡಿ, ಟೀ ಜತೆಗೆ ಹೇಳಿ ಮಾಡಿಸಿದ್ದು. ಊಟಿ ವರ್ಕಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮನ್ನಣೆ ಸಿಕ್ಕಿದೆ. ಮೇಲಿನ ಕೂನೂರಿನಲ್ಲಿ ಸಿಮ್ಸ್ ಪಾರ್ಕ್, 1874ರದು, ಆಟೊ ಹಿಡಿಯಿರಿ.

ಮರುದಿನ ಊಟಿಗೆ

ರಾತ್ರಿ ಕೂನೂರಿನಲ್ಲಿ ಉಳಿದು, ಬೆಳಗಿನ ಡೀಸೆಲ್ ರೈಲಿನಲ್ಲಿ ಊಟಿಗೆ ಹೊರಡಿ. ದಿನಕ್ಕೆ ಹಲವು ಸಲ ಇದೆ, ಒಂದೂಕಾಲು ಗಂಟೆಯ ದಾರಿ. ಕಾಯ್ದಿರಿಸದ ಟಿಕೆಟ್ ಕೌಂಟರಿನಲ್ಲಿ ಸಿಗುತ್ತದೆ, ಸಾಲು ಉದ್ದವಿರುವುದರಿಂದ ಬೇಗ ಹೋಗಿ ನಿಲ್ಲಿ. ವೆಲ್ಲಿಂಗ್ಟನ್‌ನಲ್ಲಿ ಸೇನೆಯ ನೆಲೆ, ಅರವಂಕಾಡಿನಲ್ಲಿ ಮದ್ದುಗುಂಡಿನ ಕಾರ್ಖಾನೆ, ಆಮೇಲೆ ಕೇತ್ತಿ ಕಣಿವೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಕಾಣುವ ಸಾಲುಮನೆಗಳು ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳು. ಎರಡನೇ ದರ್ಜೆಯಲ್ಲಿ ಪಕ್ಕದಲ್ಲಿ ಬಡಗರು ಕೂತಿದ್ದರೆ ಅವರ ಮಾತಿಗೆ ಕಿವಿಗೊಡಿ. ಹಳ್ಳಿಗನ್ನಡ ಬಲ್ಲವರಿಗೆ ಅಲ್ಲಲ್ಲಿ ಅರ್ಥವಾಗುತ್ತದೆ. ಕನ್ನಡದಲ್ಲಿ ಮಾತಾಡಿಸಿದರೆ ಉತ್ತರವೂ ಸಿಗುತ್ತದೆ.

ರೈಲು ರದ್ದಾದರೆ

ಮಳೆಯ ದಿನಗಳಲ್ಲಿ ಹಿಂದಿನ ರಾತ್ರಿ ಇಲ್ಲವೆ ಬೆಳಗ್ಗೆಯೇ ರದ್ದಿನ ಸುದ್ದಿ ಬರಬಹುದು. ಮುಂಗಡ ಟಿಕೆಟಿನ ಹಣವನ್ನು ರೈಲ್ವೆ ಹಿಂತಿರುಗಿಸುತ್ತದೆ. ಹೆಚ್ಚಿನ ಸಲ ಕೆಟ್ಟಿರುವುದು ಕೂನೂರಿನಿಂದ ಕೆಳಗಿನ ಹಾದಿ. ಕೂನೂರು–ಊಟಿ ನಡುವೆ ಬಂಡಿ ಓಡುತ್ತಲೇ ಇರಬಹುದು, ವಿಚಾರಿಸಿ. ಮೆಟ್ಟುಪಾಳ್ಯಂನಿಂದ ಬಸ್ ಹಿಡಿದು ಘಟ್ಟ ಹತ್ತಿ. ಬರ್ಲಿಯಾರ್‌ನಲ್ಲಿ ಹಣ್ಣಿನಂಗಡಿಗಳ ಸಾಲಿದೆ, ಕಾಲಕ್ಕೆ ತಕ್ಕಂತೆ ಮ್ಯಾಂಗೋಸ್ಟೀನ್, ಹಲಸು. ಕೂನೂರಿನಲ್ಲಿ ಇಳಿದು ಶೆಡ್ಡಿನ ಕಡೆ ಹೋಗಿ: ರೈಲು ಓಡದ ದಿನ ಎಂಜಿನ್‌ಗಳೆಲ್ಲ ಮನೆಯಲ್ಲೇ ಇರುತ್ತವೆ, ಸ್ಟೇಷನ್ ಮಾಸ್ಟರರಿಗೂ ನಿಮ್ಮ ಮಾತು ಕೇಳುವಷ್ಟು ಬಿಡುವಿರಬಹುದು.